ಕಿಸೆ ಪಿಸ್ತೂಲಿಗೆ ತಕ್ಕ ಒರೆ, ಜೊತೆಗೊಂದು ಕೆಂಪು ಚುಕ್ಕೆ

ಅಪ್ಪನ ಕಾಲಾನಂತರ ವಾರಸುದಾರನ ನೆಲೆಯಲ್ಲಿ ನನ್ನ ಲೈಸೆನ್ಸಿಗೆ ವರ್ಗವಾದ ಪಿಸ್ತೂಲು ಬೆಲ್ಜಿಯಂ ದೇಶದ ಎಫ್‌ಎನ್ ಕಾರ್ಖಾನೆಯ 1910ರ ಮಾದರಿಯದು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ, ಗುಂಡಿನ ಅಳತೆಯ ಲೆಕ್ಕದಲ್ಲಿ .32 ಕ್ಯಾಲಿಬರಿನ, ಸುಮಾರು 15 ಸೆಂಟಿಮೀಟರ್ ಉದ್ದದ, 600 ಗ್ರಾಮಿಗೆ ತುಸು ಕಡಿಮೆ ತೂಗುವ ವಸ್ತು ಅದು. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದು ಮೊದಲನೆಯ ಮಹಾಯುದ್ಧಕ್ಕೆ ಕಾರಣವಾದದ್ದು ಇದೇ ಮಾದರಿಯ ಪಿಸ್ತೂಲು ಎಂಬುದನ್ನು ಅಪ್ಪ ನೆಂಟರ ಮುಂದೆ ಹೇಳಿ ಸಂತೋಷಪಡುತ್ತಿದ್ದರು. ನಮ್ಮಲ್ಲಿರುವುದು .32, ಅಂದು ಬಳಕೆಯಾದದ್ದು .380 ಎಂಬ ತಿದ್ದುಪಡಿಯನ್ನು ಅವರಿದ್ದಾಗ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೊರದೇಶದ ಕೈಬಂದೂಕುಗಳ ಆಮದು 1980ರ ದಶಕದಲ್ಲೇ ನಿಂತುಹೋದ ಕಾರಣ ಇಂಥವುಗಳಿಗೆ ಈಗಲೂ ಬೆಲೆಯಿದೆ. ಆದರೆ ಅಪ್ಪ ಇದನ್ನು ಇಟ್ಟಿದ್ದ ರೀತಿ ಮಾತ್ರ ಹೇಳಿಕೊಳ್ಳುವಂಥದ್ದಲ್ಲ: ಹಳೆಯ ಬೈರಾಸಿನ ತುಂಡಿನಲ್ಲಿ ಸುತ್ತಿ, ಅಡಿಕೆ ಲೆಕ್ಕದ ಪುಸ್ತಕಗಳ ಹಿಂದೆ, ಕಬ್ಬಿಣದ ಕಪಾಟಿನಲ್ಲಿ. ಇದಕ್ಕೊಂದು ಸರಿಯಾದ ಒರೆಯನ್ನೂ, ಸಾಧ್ಯವಾದರೆ ಗುರಿಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುವ ಲೇಸರ್ ಗುರಿದೀಪವನ್ನೂ ಹುಡುಕಲು ಕಳೆದ ಒಂದೂವರೆ ವರ್ಷದಲ್ಲಿ ನಾನು ಮಾಡಿದ ಖರ್ಚು ಮತ್ತು ಅದರಿಂದ ಕಂಡುಕೊಂಡದ್ದು ಈ ಬರಹದ ವಿಷಯ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಹತ್ತಿರ, ಪೆರ್ಲದ ಆಚೆಗಿರುವ ನಮ್ಮ ಕಡೆ ಬಂದೂಕಿನ ಲೈಸೆನ್ಸೆಂದರೆ ಸಾಮಾನ್ಯವಾಗಿ ಹಂದಿ ಕಾಟಕ್ಕೆ ಪಡೆದ ತೋಟದ ಕೋವಿ. ಕೋವಿಗೆ ಒರೆಯ ಚಿಂತೆಯಿಲ್ಲ, ಅದು ಹೆಗಲ ಮೇಲಿರುತ್ತದೆ. ಪಿಸ್ತೂಲಿನ ಮಾತು ಬೇರೆ. 4.6 ಗ್ರಾಮಿನ ಗುಂಡು ಹಾರಿಸುವ ಈ ಪುಟ್ಟ ಯಂತ್ರದಿಂದ ಹಂದಿಯನ್ನು ತಡೆಯಲು ಹೊರಟವನು ಮರ ಹತ್ತಲು ಸಿದ್ಧನಿರಬೇಕು. ಅಡಿಕೆಯ ಹಣ ಕೈಯಲ್ಲಿರುವ ದಿನಗಳಲ್ಲಿ, ಕತ್ತಲಾದ ಮೇಲೆ ಒಂಟಿಯಾಗಿ ಗುಡ್ಡೆ ದಾರಿಯಲ್ಲಿ ಮನೆಗೆ ಬರುವಾಗ ಮಾತ್ರ ನಾನಿದನ್ನು ಜೊತೆಗೆ ಒಯ್ಯುವುದು. ಹಾಗೆ ಒಯ್ಯುವಾಗ ಅದು ಕಾಣಿಸಬಾರದು ಎಂಬುದು ನನ್ನ ಸಂಕೋಚದ ಮಾತು ಮಾತ್ರವಲ್ಲ, ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒರೆಯಲ್ಲಿಟ್ಟು, ಪೂರ್ತಿಯಾಗಿ ಮುಚ್ಚಿಕೊಂಡು, ತನ್ನ ಹತೋಟಿ ತಪ್ಪದಂತೆ ಒಯ್ಯಬೇಕು, ಝಳಪಿಸುವಂತಿಲ್ಲ. ಇದರ ಜೊತೆಗೆ ಗಡಿಯವರಾದ ನಮಗೆ ಇನ್ನೊಂದು ಎಚ್ಚರ ಬೇಕು. ಲೈಸೆನ್ಸಿನಲ್ಲಿ ಅದು ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆಂದು ಬರೆದಿರುತ್ತದೆ. ಕೇರಳಕ್ಕೆ ಮಾತ್ರ ಎಂದು ಬರೆದಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ದಿನ ಪಿಸ್ತೂಲು ಮನೆಯಲ್ಲೇ ಇರಬೇಕು. ಸಾರಡ್ಕದಲ್ಲಿ ಮೊಸರು ಕೊಳ್ಳಲು ರಸ್ತೆ ದಾಟಿದರೂ ಅದು ಬೇರೆ ರಾಜ್ಯವೇ.

ಕಿಸೆಯಲ್ಲಿ ಇಡುವ ಒರೆಯ ಕೆಲಸ ಮೇಲ್ನೋಟಕ್ಕೆ ಸಣ್ಣದು, ವಾಸ್ತವದಲ್ಲಿ ನಾಲ್ಕು ಕೆಲಸಗಳನ್ನು ಅದು ಒಟ್ಟಿಗೆ ಮಾಡಬೇಕು. ಟ್ರಿಗರನ್ನು ಹೊರಗಿನಿಂದ ಏನೂ ಒತ್ತಲಾಗದಂತೆ ಪೂರ್ತಿ ಮುಚ್ಚಬೇಕು. ಪಿಸ್ತೂಲಿನ ಹಿಡಿ ಯಾವಾಗಲೂ ಮೇಲ್ಮುಖವಾಗಿಯೇ ಇರುವಂತೆ ನಿಲ್ಲಿಸಬೇಕು. ಬಟ್ಟೆಯ ಮೇಲೆ ಬಂದೂಕಿನ ಆಕಾರ ಎದ್ದು ತೋರದಂತೆ ಅದರ ಅಂಚುಗಳನ್ನು ಮರೆಸಬೇಕು. ಪಿಸ್ತೂಲನ್ನು ಎಳೆದಾಗ ತಾನು ಹಿಂಬಾಲಿಸದೆ ಕಿಸೆಯಲ್ಲೇ ಉಳಿಯಬೇಕು. ಕೊನೆಯದು ಎಷ್ಟು ಮುಖ್ಯ ಎಂಬುದು ಒರೆಯ ಸಮೇತ ಹೊರಬಂದ ಪಿಸ್ತೂಲನ್ನು ಹಿಡಿದು, ಸದ್ಯ ನನ್ನ ಮನೆಯ ಕೋಣೆಯಲ್ಲೇ, ಖಾಲಿ ಮ್ಯಾಗಜೀನಿನೊಂದಿಗೆ (ಹಿಡಿಯೊಳಗೆ ಕೂರುವ, ತೋಟೆ ತುಂಬುವ ಡಬ್ಬಿ), ಪೆಚ್ಚಾಗಿ ನಿಂತ ದಿನ ನನಗೆ ಅರ್ಥವಾಯಿತು. ಒರೆಯಿರುವ ಕಿಸೆಯಲ್ಲಿ ಬೇರೇನೂ ಇರಬಾರದೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೀಗದ ಕೈ, ಪೆನ್ನು, ಸುಣ್ಣದ ಡಬ್ಬಿ ಯಾವುದೂ ಟ್ರಿಗರಿನ ನೆರೆಯಲ್ಲಿ ಸಲ್ಲದು. ಎಲೆಯಡಿಕೆ ಹಾಕುವವರಿಗೆ ಇದು ಹೇಳಿದಷ್ಟು ಸುಲಭವಲ್ಲ.

ಮೊದಲು ಕೊಂಡದ್ದು ಆನ್‌ಲೈನಿನಲ್ಲಿ 400 ರೂಪಾಯಿಯೊಳಗೆ ಸಿಗುವ, 'ಎಲ್ಲ ಸಣ್ಣ ಪಿಸ್ತೂಲುಗಳಿಗೂ ಹೊಂದುತ್ತದೆ' ಎಂದು ಬರೆದುಕೊಂಡಿದ್ದ ನೈಲಾನ್ ಚೀಲ. ಎಲ್ಲರಿಗೂ ಹೊಂದುವ ಅಂಗಿ ಯಾರಿಗೂ ಹೊಂದುವುದಿಲ್ಲವಷ್ಟೆ. ಪಿಸ್ತೂಲನ್ನು ಹೊರತೆಗೆದ ಕೂಡಲೇ ಅದರ ಬಾಯಿ ಒಣಗಿದ ಹಾಳೆಯ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಮರಳಿ ಒಳಗಿಡಲು ಎರಡನೆಯ ಕೈ ಬೇಕು, ಅಂದರೆ ನಳಿಗೆಯ ಮುಂದೆ ನಮ್ಮದೇ ಬೆರಳು ಬರುತ್ತದೆ. ಬಟ್ಟೆ ಎಷ್ಟು ತೆಳ್ಳಗಿತ್ತೆಂದರೆ ಹೊರಗಿನಿಂದ ಒತ್ತಿದರೆ ಟ್ರಿಗರ್ ಬೆರಳಿಗೆ ತಿಳಿಯುತ್ತಿತ್ತು. ಈಗ ಅದರಲ್ಲಿ ಕನ್ನಡಕವಿದೆ.

ಎರಡನೆಯದು ಹೊಟ್ಟೆಗೆ ಸುತ್ತಿಕೊಳ್ಳುವ ಎಲಾಸ್ಟಿಕ್ ಪಟ್ಟಿ. ಮರೆಮಾಚುವ ವಿಷಯದಲ್ಲಿ ಇದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಸಡಿಲ ಅಂಗಿ ಹಾಕಿದರೆ ಹೆಂಡತಿಗೂ ಗೊತ್ತಾಗದು, ಮುಂಡಿಗೂ ಆಗುತ್ತದೆ, ಪ್ಯಾಂಟಿಗೂ ಆಗುತ್ತದೆ. ಆದರೆ ಇದನ್ನು ಮಾಡಿದವರು ಏಪ್ರಿಲ್ ತಿಂಗಳಲ್ಲಿ ಬದಿಯಡ್ಕದ ಪೇಟೆಯಲ್ಲಿ ನಿಂತವರಲ್ಲ. ಅರ್ಧ ಗಂಟೆಯಲ್ಲಿ ಪಟ್ಟಿ ಬೆವರು ಕುಡಿದು ಒದ್ದೆಯಾಗುತ್ತದೆ, ಆ ಉಪ್ಪುನೀರು ನೇರವಾಗಿ ಉಕ್ಕಿಗೆ ತಾಗುತ್ತದೆ. ಬೆವರು ತಾಗುವ ಬದಿಯಲ್ಲಿ ಒಂದು ಪದರ ರಬ್ಬರು ಹಾಕಿದ ದುಬಾರಿ ಪಟ್ಟಿಗಳೂ ಇವೆ. ಅವು ಪಿಸ್ತೂಲನ್ನು ಉಳಿಸಿ ಚರ್ಮವನ್ನು ಬೇಯಿಸುತ್ತವೆ. ಧನು ತಿಂಗಳಿನಿಂದ ಕುಂಭದ ನಡುವಿನ ತನಕ ಬಳಸಬಹುದು. ಉಳಿದ ಕಾಲಕ್ಕೆ ನಾನು ಶಿಫಾರಸು ಮಾಡಲಾರೆ.

ಇಲ್ಲಿ ಉಡುಪಿನ ಪ್ರಶ್ನೆ ಬರುತ್ತದೆ. ಈ ವಿಷಯದಲ್ಲಿ ಸಿಗುವ ಸಲಹೆಗಳೆಲ್ಲ ಜೀನ್ಸ್ ಪ್ಯಾಂಟಿನ ಮುಂಗಿಸೆಯನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದವು. ಮುಂಡಿಗೆ ಕಿಸೆಯಿಲ್ಲ. ಅಂಗಿಯ ಎದೆಗಿಸೆಯಲ್ಲಿ ಬಗ್ಗಿದ ಕೂಡಲೇ ಎಲ್ಲವೂ ಬೀಳುತ್ತದೆ. ಜುಬ್ಬದ ಪಕ್ಕದ ಕಿಸೆ ಗಡಿಯಾರದ ಲೋಲಕದಂತೆ ತೂಗಾಡುತ್ತದೆ. ನಮ್ಮೂರಿನ ಹಳೆಯ ವ್ಯಾಪಾರಿಗಳು ಮುಂಡಿನ ಮೇಲೆ ಕಟ್ಟುವ, ಹಣ ಇಡಲು ಅರೆಯಿರುವ ಅಗಲ ಬೆಲ್ಟನ್ನು ನಾನೂ ನೋಡಿದೆ. ಅದರ ಅರೆ ನೋಟಿನ ಕಟ್ಟಿಗೆ ಸಾಕು, ಪಿಸ್ತೂಲಿಗೆ ಸಾಲದು. ಕೊನೆಗೆ ನೆರವಿಗೆ ಬಂದದ್ದು ಮುಂಡಿನ ಒಳಗೆ ತೊಡುವ, ಕಿಸೆಯಿರುವ ಪಟ್ಟೆ ಚಡ್ಡಿ. ಅದರ ಬಲಗಿಸೆಯನ್ನು ಬಿಚ್ಚಿ, ನಾಲ್ಕು ಬೆರಳು ಹೆಚ್ಚು ಆಳವಾಗಿ, ದಪ್ಪ ಖಾಕಿ ಬಟ್ಟೆಯಲ್ಲಿ ಹೊಸದಾಗಿ ಹೊಲಿಯಲು ದರ್ಜಿಗೆ ಕೊಟ್ಟೆ. ಅಳತೆ ನೋಡಿದ ಆತ, "ಭಟ್ರೇ, ಇದರಲ್ಲಿ ತೆಂಗಿನಕಾಯಿ ಇಡುವ ಅಂದಾಜಾ?" ಎಂದು ಕೇಳಿದ. ಹೌದೆಂದೆ. ಎರಡು ಚಡ್ಡಿಗೆ 120 ರೂಪಾಯಿ ತೆಗೆದುಕೊಂಡ ಆತನ ಹೊಲಿಗೆ ಇಂದಿಗೂ ಬಿಟ್ಟಿಲ್ಲ. ಪ್ಯಾಂಟು ಹಾಕುವ ದಿನಕ್ಕೂ ಮುಂಗಿಸೆಯ ಒಳಚೀಲವನ್ನು ಅದೇ ಬಟ್ಟೆಯಲ್ಲಿ ಬದಲಿಸಿಕೊಂಡೆ. ಒರೆಗಾಗಿ ಸಾವಿರ ಖರ್ಚು ಮಾಡುವ ಮೊದಲು ಕಿಸೆಗಾಗಿ 60 ರೂಪಾಯಿ ಖರ್ಚು ಮಾಡುವುದು ಒಳ್ಳೆಯದು. ತೆಳು ಕಿಸೆಯಲ್ಲಿ ಎಂಥ ಒರೆಯೂ ವಾಲುತ್ತದೆ.

ಈಗ ನಿಜವಾದ ಒರೆ. ಕಾಸರಗೋಡು ಪೇಟೆಯಲ್ಲಿ ಚೀಲ, ಬೆಲ್ಟು, ಚೆಂಡೆಯ ಪಟ್ಟಿ ಇತ್ಯಾದಿ ಹೊಲಿದುಕೊಡುವವರೊಬ್ಬರಿದ್ದಾರೆ. ಅವರ ಬಳಿಗೆ ಪಿಸ್ತೂಲನ್ನೇ ಒಯ್ದು ಅಂಗಡಿಯ ಮೇಜಿನ ಮೇಲಿಡುವುದು ಕಾನೂನಿಗೂ ಸಲ್ಲದು, ಬುದ್ಧಿವಂತಿಕೆಗೂ ಸಲ್ಲದು. ಆದ್ದರಿಂದ ಮನೆಗೆ ಬಂದ ಆಚಾರಿಯಿಂದ ಅದೇ ಅಳತೆಗೆ ಹಲಸಿನ ಮರದ ಅಚ್ಚೊಂದನ್ನು ಕೆತ್ತಿಸಿದೆ. ಟ್ರಿಗರ್ ಸುತ್ತಿನ ಬಳೆ, ಹಿಡಿಯ ಹಿಂಬದಿಯ ಉಬ್ಬು, ಸೇಫ್ಟಿಯ ಕೀಲಿ ಎಲ್ಲವೂ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆಯಾಗದಂತೆ ಕೆತ್ತಿದ ಆ ಅಚ್ಚು ಒರೆಗಿಂತ ಚಂದವಾಗಿ ಬಂತು ಎಂದರೆ ಒರೆ ಹೊಲಿದವರು ಬೇಸರಿಸಲಾರರು.

ಚರ್ಮದ ಆಯ್ಕೆಯಲ್ಲಿ ನಾನು ಕಲಿತದ್ದು ಬಹಳ. ಚೀಲ, ಸೋಫಾಗಳಿಗೆ ಬಳಸುವ ಮೆತ್ತನೆಯ ಚರ್ಮವನ್ನು ಕ್ರೋಮಿಯಂ ಲವಣಗಳಲ್ಲಿ ಹದ ಮಾಡಿರುತ್ತಾರೆ. ಅದು ನೀರಿಗೆ ಜಗ್ಗದು, ಆದರೆ ಅಚ್ಚಿನ ಆಕಾರವನ್ನು ಹಿಡಿಯದು. ತಂಗಡಿ ತೊಗಟೆ, ಅಳಲೆಕಾಯಿ ಮುಂತಾದವುಗಳಲ್ಲಿ ಹದ ಮಾಡಿದ ಚರ್ಮವನ್ನು ಒದ್ದೆ ಮಾಡಿ ಅಚ್ಚಿಗೆ ಒತ್ತಿ ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ತಮಿಳುನಾಡಿನಿಂದ ಅಂಥ ಚರ್ಮ ತರಿಸಲು ಅವರಿಗೆ ಮೂರು ವಾರ ಹಿಡಿಯಿತು. ಹೊಲಿದ ಮೇಲೆ ಪ್ಲಾಸ್ಟಿಕ್ ಸುತ್ತಿದ ಅಚ್ಚನ್ನು ಒದ್ದೆ ಒರೆಯೊಳಗೆ ತುರುಕಿ, ಟ್ರಿಗರಿನ ಬಳೆಯ ಸುತ್ತ ಹೆಬ್ಬೆರಳಿನಿಂದ ಒತ್ತಿ ಒತ್ತಿ, ನೆರಳಲ್ಲಿ ಎರಡು ದಿನ ಒಣಗಿಸಿದರು. ಹೊರಮೈಗೆ ಒರಟು ಬದಿಯನ್ನು, ಒಳಮೈಗೆ ನುಣುಪು ಬದಿಯನ್ನು ಇಟ್ಟದ್ದು ಅವರದೇ ಯೋಚನೆ. ಒರಟು ಬದಿ ಖಾಕಿ ಬಟ್ಟೆಯನ್ನು ಕಚ್ಚಿಕೊಳ್ಳುವುದರಿಂದ ಒರೆ ಕಿಸೆಯಲ್ಲೇ ಉಳಿಯುತ್ತದೆ. ಕಿಸೆಯ ಹೊರಬದಿಗೆ ಬರುವ ಮೈಗೆ ಇನ್ನೊಂದು ಚಪ್ಪಟೆ ಚರ್ಮದ ತುಂಡನ್ನು ಹೊಲಿಯಿರಿ ಎಂದು ಕೇಳಿದ್ದು ಮಾತ್ರ ನಾನು. ಆ ಒಂದು ತುಂಡಿನಿಂದ ಪಿಸ್ತೂಲಿನ ರೇಖೆಗಳು ಅಳಿಸಿಹೋಗಿ, ನೋಡಿದವರಿಗೆ ದಪ್ಪ ಪರ್ಸಿನಂತೆ ಕಾಣುತ್ತದೆ. ಒಟ್ಟು 900 ರೂಪಾಯಿ, ಅಚ್ಚಿನ ಕೂಲಿ ಬೇರೆ.

ದೋಷಗಳೂ ಇವೆ. ಮೊದಲ ಹದಿನೈದು ದಿನ ಒರೆ ಎಷ್ಟು ಬಿಗಿಯಾಗಿತ್ತೆಂದರೆ ಪಿಸ್ತೂಲು ಹೊರಬರಲು ಒಪ್ಪುತ್ತಿರಲಿಲ್ಲ. ಅಚ್ಚಿಗೆ ಒಂದು ಸುತ್ತು ಹೆಚ್ಚು ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಒಂದು ವಾರ ಹಾಗೇ ಬಿಟ್ಟ ಮೇಲೆ ಸರಿಹೋಯಿತು. ಎರಡನೆಯ ದೋಷ ಚರ್ಮದ್ದಲ್ಲ, ನನ್ನದು. ಆಟಿಯ ಮಳೆಯಲ್ಲಿ ಒಂದು ರಾತ್ರಿ ಮನೆಗೆ ಬಂದವನು ಪಿಸ್ತೂಲನ್ನು ಒರೆಯಿಂದ ತೆಗೆಯದೆ ಕಪಾಟಿನಲ್ಲಿಟ್ಟು ಮಲಗಿದೆ. ಮೂರನೆಯ ದಿನ ನೋಡಿದಾಗ ಸ್ಲೈಡಿನ, ಅಂದರೆ ಪಿಸ್ತೂಲಿನ ಹಿಂದೆ ಮುಂದೆ ಸರಿಯುವ ಮೇಲ್ಭಾಗದ, ಮೇಲೆ ಜೀರಿಗೆಯಷ್ಟು ದೊಡ್ಡ ಕಂದು ಕಲೆಗಳು ನಾಲ್ಕಾರು ಎದ್ದಿದ್ದವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಚರ್ಮವೆಂದರೆ ಸ್ಪಂಜು. ಹದ ಮಾಡಿದಾಗಿನ ಆಮ್ಲದ ಅಂಶವೂ ಅದರಲ್ಲಿ ಉಳಿದಿರುತ್ತದೆ. ಒರೆ ಒಯ್ಯಲಿಕ್ಕೆ, ಇಡಲಿಕ್ಕಲ್ಲ. ಈಗ ಮನೆಗೆ ಬಂದ ಕೂಡಲೇ ಪಿಸ್ತೂಲನ್ನು ಒರೆಸಿ, ಬಂದೂಕಿನ ಎಣ್ಣೆಯ ತೆಳು ಪದರ ಹಚ್ಚಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಟ್ಟು ಕಪಾಟಿಗೆ ಬೀಗ ಹಾಕುತ್ತೇನೆ. ತೆಂಗಿನೆಣ್ಣೆ ಸಾಕೆಂದು ಹೇಳುವವರು ನಮ್ಮಲ್ಲಿ ಯಾವತ್ತೂ ಇದ್ದಾರೆ. ದೋಸೆಕಾವಲಿಗೆ ಅದು ಸಾಕು, ಪಿಸ್ತೂಲಿನೊಳಗೆ ಅದು ಕಮಟಾಗಿ ಅಂಟಾಗುತ್ತದೆ.

ಲೇಸರಿನ ಆಸೆ ಹುಟ್ಟಿದ್ದು ಅಮೆರಿಕದಲ್ಲಿ. ಟೆಕ್ಸಸ್ ರಾಜ್ಯದಲ್ಲಿರುವ ನನ್ನ ಸೋದರಳಿಯ ಅಲ್ಲಿನ ಪೌರನಾಗಿದ್ದಾನೆ. ಅವನ ಬಳಿ ರೂಗರ್ ಕಂಪೆನಿ 2008ರಲ್ಲಿ ಹೊರತಂದ ಎಲ್‌ಸಿಪಿ ಎಂಬ ಕಿಸೆ ಪಿಸ್ತೂಲಿದೆ. .380 ಕ್ಯಾಲಿಬರ್, ಗುಂಡಿಲ್ಲದೆ ಸುಮಾರು 270 ಗ್ರಾಂ ತೂಕ. ನನ್ನದರ ಅರ್ಧಕ್ಕೂ ಕಡಿಮೆ. ಅದರ ಟ್ರಿಗರ್ ಬಳೆಗೆ ಕ್ರಿಮ್ಸನ್ ಟ್ರೇಸ್ ಎಂಬವರ ಪುಟ್ಟ ಲೇಸರ್ ಕೂತಿದೆ. ಹಿಡಿಯನ್ನು ಸಹಜವಾಗಿ ಹಿಡಿದಾಗ ನಡುಬೆರಳಿಗೆ ಒಂದು ಗುಂಡಿ ತಾಗಿ, ಬೇರೆ ಯಾವ ಪ್ರಯತ್ನವೂ ಇಲ್ಲದೆ ಎದುರಿನ ಹಲಗೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. ಅದನ್ನು ಆ ಪಿಸ್ತೂಲಿಗೆಂದೇ ಮಾಡಿದ್ದಾರೆ, ಆ ಲೇಸರ್ ಕೂತ ಪಿಸ್ತೂಲಿಗೆಂದೇ ಒರೆಗಳೂ ಸಿಗುತ್ತವೆ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ನಾನು ನೋಡುಗ ಮಾತ್ರ; ಪ್ರವಾಸಿ ವೀಸಾದವರು ಬೇಟೆಯ ಪರವಾನಗಿಯಂಥ ವಿನಾಯಿತಿಯಿಲ್ಲದೆ ಅಲ್ಲಿ ಬಂದೂಕು ಮುಟ್ಟುವಂತಿಲ್ಲ. "ಮಾವ, ನಿಮ್ಮದಕ್ಕೂ ಒಂದು ಹಾಕಿಸಿ" ಎಂದು ಅವನು ಹೇಳಿದ್ದು ತಲೆಯಲ್ಲಿ ಉಳಿಯಿತು. ಅದಕ್ಕೆ ಕಾರಣವೂ ಇತ್ತು. 1910ರ ಮಾದರಿಯ ಗುರಿ ನೋಡುವ ವ್ಯವಸ್ಥೆ ಸ್ಲೈಡಿನ ಮೇಲಿನ ಒಂದು ಕಿರುಗಾಲುವೆಯೊಳಗೆ ಹುದುಗಿದೆ. ಕಿಸೆಯಲ್ಲಿ ಸಿಕ್ಕಿಕೊಳ್ಳದಿರಲೆಂದು ಹಾಗೆ ಮಾಡಿದ್ದಾರೆ, ಸರಿ. ಆದರೆ ಅರುವತ್ತು ದಾಟಿದ ಕಣ್ಣಿಗೆ ಮುಸ್ಸಂಜೆಯಲ್ಲಿ ಅದು ಇದ್ದೂ ಇಲ್ಲದಂತೆ.

ನೂರು ವರ್ಷ ಹಿಂದಿನ ವಿನ್ಯಾಸದ ಪಿಸ್ತೂಲಿಗೆ ಲೇಸರ್ ಕೂರಿಸಲು ರೈಲು ಎಂಬ ಜೋಡಣೆಯ ಹಳಿ, ಕೊಕ್ಕೆ ಏನೂ ಇಲ್ಲ. ಸಿಗುವುದು ಎರಡು ಸ್ಕ್ರೂಗಳಿಂದ ಟ್ರಿಗರ್ ಬಳೆಯನ್ನು ಅಪ್ಪಿಕೊಳ್ಳುವ, ಏರ್‌ಗನ್ನಿಗೆಂದು ಮಾರುವ ಮಾದರಿ. 1,300 ರೂಪಾಯಿಯ ಅದನ್ನು ತರಿಸಿ ಕೂರಿಸಿದೆ, ಹದಿನೈದೇ ದಿನದಲ್ಲಿ ತೆಗೆದೆ. ಸ್ಕ್ರೂ ಬಿಗಿ ಮಾಡಿದರೆ ಅಪ್ಪ ಅಷ್ಟು ಕಾಲ ಕಾಪಾಡಿದ ನೀಲಿ ಮೆರುಗಿಗೆ ಗೀರು. ಸಡಿಲ ಬಿಟ್ಟರೆ ರೇಂಜಿನಲ್ಲಿ ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಚುಕ್ಕೆ ಒಂದು ಗೇಣು ಪಕ್ಕಕ್ಕೆ ಸರಿದಿರುತ್ತದೆ. ಅದರ ಸ್ವಿಚ್ಚು ಟ್ರಿಗರಿನ ಮುಂದೆಯೇ ಇದೆ. ಗಾಬರಿಯಲ್ಲಿ ಸ್ವಿಚ್ಚು ಹುಡುಕುವ ಬೆರಳು ಟ್ರಿಗರಿನ ಮೇಲೆ ಹೋಗುವುದು ಖಚಿತ. ಎಲ್ಲಕ್ಕಿಂತ ಹೆಚ್ಚಾಗಿ, ಲೇಸರ್ ಕೂತ ಪಿಸ್ತೂಲು ನನ್ನ 900 ರೂಪಾಯಿಯ ಒರೆಯೊಳಗೆ ಹೋಗುವುದಿಲ್ಲ. ಲೇಸರಿಗೆಂದು ಒರೆಯ ಬಾಯಿ ಅಗಲಿಸಿದರೆ ಟ್ರಿಗರನ್ನು ಮುಚ್ಚುವ ಬಿಗಿ ಹೋಗುತ್ತದೆ. ಲೇಸರ್ ಬೇಕೆನ್ನುವವರು ಮೊದಲು ಲೇಸರನ್ನು ಆರಿಸಿ, ಅದು ಕೂತ ಆಕಾರಕ್ಕೆ ಒರೆಯನ್ನು ಮಾಡಿಸಬೇಕು; ನಾನು ಮಾಡಿದ್ದು ತಿರುಗುಮುರುಗು.

ಬೆಳಕಿನ ವಿಷಯ ಸ್ವಲ್ಪ ವಿವರಿಸಬೇಕು. ಮಧ್ಯಾಹ್ನ ಅಡಿಕೆ ಒಣಹಾಕಿದ ಅಂಗಳದಲ್ಲಿ ಐದು ಮೀಟರ್ ದೂರದ ಗೋಡೆಯ ಮೇಲೆ ಕೆಂಪು ಚುಕ್ಕೆ ನನಗೆ ಕಾಣಲೇ ಇಲ್ಲ. ತೋಟದ ನೆರಳಲ್ಲಿ ಮಸುಕಾಗಿ ಕಂಡಿತು, ಸಂಜೆಯ ಮೇಲೆ ಸ್ಪಷ್ಟ. ನಮ್ಮ ಕಣ್ಣು ಹಗಲಿನಲ್ಲಿ ಅತಿ ಹೆಚ್ಚು ಗುರುತಿಸುವುದು 555 ನ್ಯಾನೋಮೀಟರ್ ಹತ್ತಿರದ ಹಸಿರನ್ನು. ಅಗ್ಗದ ಕೆಂಪು ಲೇಸರುಗಳು 650ರ ಸುಮಾರಿಗಿವೆ. ಅಷ್ಟೇ ಶಕ್ತಿಯ 520 ನ್ಯಾನೋಮೀಟರ್ ಹಸಿರು ಲೇಸರ್ ಕಣ್ಣಿಗೆ ಆರು ಪಟ್ಟಿಗೂ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಗೆಳೆಯರೊಬ್ಬರ ಏರ್‌ಗನ್ನಿನ ಹಸಿರು ಲೇಸರನ್ನು ಅದೇ ಅಂಗಳದಲ್ಲಿ ಹಿಡಿದಾಗ ವ್ಯತ್ಯಾಸ ತಿಳಿಯಿತು. ಆದರೆ ಹಸಿರಿನದ್ದು ಗಾತ್ರವೂ ದೊಡ್ಡದು, ಬ್ಯಾಟರಿಯನ್ನು ನುಂಗುವುದೂ ಹೆಚ್ಚು. ಮಂಜು ಕವಿದ ಬೆಳಗ್ಗೆ ಅದರ ಇಡೀ ಕಿರಣವೇ ಹಗ್ಗದಂತೆ ಕಾಣುತ್ತದೆ; ಎದುರಿನವನಿಗೆ ನೀವೆಲ್ಲಿದ್ದೀರೆಂದು ಹೇಳಲು ಬೇರೆ ಸಾಕ್ಷಿ ಬೇಡ. ಇಂಥ ಲೇಸರುಗಳಿಗೆ ಸಾಮಾನ್ಯವಾಗಿ 5 ಮಿಲಿವ್ಯಾಟ್ ಮಿತಿ ಇರುತ್ತದೆ, ಅಷ್ಟಿದ್ದರೂ ಕಣ್ಣಿಗೆ ಬಿದ್ದರೆ ಹಾನಿಯಾಗಬಹುದು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಆಟಿಕೆಯಂತೆ ಬಿಡಬಾರದು.

ಚುಕ್ಕೆ ಬಿದ್ದಲ್ಲೇ ಗುಂಡು ಬೀಳುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಲೇಸರ್ ನಳಿಗೆಯಿಂದ ನಾಲ್ಕು ಸೆಂಟಿಮೀಟರ್ ಕೆಳಗಿದೆಯೆಂದುಕೊಳ್ಳೋಣ. ಏಳು ಮೀಟರಿನಲ್ಲಿ ಎರಡೂ ಕೂಡುವಂತೆ ಹೊಂದಿಸಿದರೆ, ಮೂರೂವರೆ ಮೀಟರಿನಲ್ಲಿ ಗುಂಡು ಚುಕ್ಕೆಗಿಂತ ಎರಡು ಸೆಂಟಿಮೀಟರ್ ಮೇಲೆ, ಹದಿನಾಲ್ಕು ಮೀಟರಿನಲ್ಲಿ ನಾಲ್ಕು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಕಿಸೆ ಪಿಸ್ತೂಲಿನ ದೂರಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ನನ್ನ ಕೈಯ ನಡುಕದ ಮುಂದಂತೂ ಇಲ್ಲವೇ ಇಲ್ಲ.

ಆ ನಡುಕವನ್ನು ತೋರಿಸಿಕೊಟ್ಟದ್ದೇ ಲೇಸರಿನ ನಿಜವಾದ ಉಪಕಾರ. ಪಿಸ್ತೂಲಿನಿಂದ ತೆಗೆದ ಮೇಲೂ ನಾನದನ್ನು ಎಸೆಯಲಿಲ್ಲ. ತಿಂಗಳಿಗೆರಡು ಬಾರಿ, ಮನೆಯೊಳಗಿನ ಅಭ್ಯಾಸಕ್ಕಷ್ಟೇ, ಬಳೆಗೆ ರಬ್ಬರಿನ ತುಂಡು ಕೊಟ್ಟು ಕೂರಿಸುತ್ತೇನೆ. ನಿಜವಾದ ತೋಟೆಗಳೆಲ್ಲ ಬೇರೆ ಕೋಣೆಯಲ್ಲಿ, ಬೀಗದೊಳಗೆ. ಹಾರಲಿರುವ ತೋಟೆ ಕೂರುವ ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಪ್ಲಾಸ್ಟಿಕ್ಕಿನ ಡಮ್ಮಿ ತೋಟೆ ಹಾಕಿದ ಮ್ಯಾಗಜೀನನ್ನು ಸೇರಿಸುತ್ತೇನೆ. ಈ ಮಾದರಿಯಲ್ಲಿ ಮ್ಯಾಗಜೀನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದು. ತೋಟೆಗೆ ಬಡಿಯುವ ಹಳೆಯ ಸ್ಟ್ರೈಕರ್ ಖಾಲಿ ಚೇಂಬರಿಗೆ ಬಡಿದು ಸವೆಯದಿರಲೂ ಡಮ್ಮಿ ಬೇಕು. ಚಾವಡಿಯ ಕೆಂಪುಕಲ್ಲಿನ ದಪ್ಪ ಗೋಡೆಯ ಕಡೆಗೆ, ಐದು ಮೀಟರಿನಿಂದ. ಮೊದಲ ದಿನ ಚುಕ್ಕೆ ದೋಸೆಯಷ್ಟು ಅಗಲದ ಜಾಗದಲ್ಲಿ ಅಲೆದಾಡುತ್ತಿತ್ತು, ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಎಡಕ್ಕೂ ಕೆಳಕ್ಕೂ ಹಾರುತ್ತಿತ್ತು. ಬೆರಳಿನ ತುದಿಗಂಟಿನ ಬದಲು ನಡುಗಂಟಿನಿಂದ ಎಳೆಯುತ್ತಿದ್ದುದು, ಎಳೆಯುವಾಗ ಇಡೀ ಅಂಗೈ ಹಿಂಡುತ್ತಿದ್ದುದು ರೇಂಜಿನ ಸದ್ದಿನಲ್ಲಿ ಎಂದೂ ಗೊತ್ತಾಗಿರಲಿಲ್ಲ. ಆರು ತಿಂಗಳಲ್ಲಿ ದೋಸೆ ಇಡ್ಲಿಯಷ್ಟಾಗಿದೆ. ಲೈಸೆನ್ಸಿನ ಲೆಕ್ಕದ ತೋಟೆಗಳನ್ನು ಖರ್ಚು ಮಾಡದೆ ಇಷ್ಟು ಕಲಿಸಿದ ವಸ್ತುವಿಗೆ 1,300 ರೂಪಾಯಿ ಹೆಚ್ಚಲ್ಲ.

ಕಿಸೆಯಲ್ಲಿ ಒಯ್ಯಲು ಮಾತ್ರ ಅದು ಬೇಡ. ಮಳೆಗಾಲದಲ್ಲಿ ಒಂದೇ ವಾರ ಹೊರಗಿಟ್ಟಾಗ ಅದರ ಗುಂಡಿ ಬ್ಯಾಟರಿಯ ಸುತ್ತ ಹಸಿರು ಕಿಲುಬು ಕಟ್ಟಿತ್ತು, ಗಾಜಿನ ಒಳಗೆ ಹಬೆ ಕೂತಿತ್ತು. ಕಿಸೆಯ ನೂಲಿನ ಧೂಳು ಗಾಜಿಗೆ ಅಂಟಿದರೆ ಚುಕ್ಕೆ ಹೂವಿನಂತೆ ಅರಳಿ ಅಂದಾಜೇ ಸಿಗುವುದಿಲ್ಲ. ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ಲೇಸರನ್ನು ತಯಾರಕರೇ ಕೂರಿಸಿ ಕೊಡುವ ಪಿಸ್ತೂಲು ಸಿಗುವ ದೇಶದಲ್ಲಿರುವವರಿಗೆ, ನನ್ನ ಅಭಿಪ್ರಾಯ ಬೇರೆ ಇರುತ್ತಿತ್ತು. ಹಳೆಯ ಪಿಸ್ತೂಲಿರುವ ಕರಾವಳಿಯವರು ಆ ಹಣವನ್ನು ಚರ್ಮಕ್ಕೂ ದರ್ಜಿಗೂ ಎಣ್ಣೆಗೂ ಹಾಕುವುದೇ ಲೇಸು. ಚೇಂಬರ್ ಖಾಲಿಯಿಟ್ಟು ಒಯ್ಯುವ ನನ್ನ ಪದ್ಧತಿಯನ್ನು ಸೋದರಳಿಯ ನಿಧಾನವೆಂದು ನಗುತ್ತಾನೆ. ಕೆಳಗೆ ಬಿದ್ದಾಗ ಗುಂಡು ಹಾರದಂತೆ ತಡೆಯುವ ಈಚಿನ ವ್ಯವಸ್ಥೆಗಳು 1910ರಲ್ಲಿ ಇರಲಿಲ್ಲವೆಂದು ನಾನೂ ನಗುತ್ತೇನೆ.

ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸುವ ಕ್ರಮವಂತೂ ಇದ್ದೇ ಇದೆ. ರಸೀದಿಯಲ್ಲಿ ಬರೆಯುವುದು ಪಿಸ್ತೂಲಿನ ನಂಬರನ್ನು ಮಾತ್ರ, ಒರೆಯನ್ನಲ್ಲ. ಆದ್ದರಿಂದಲೂ, ಚರ್ಮದೊಳಗೆ ತಿಂಗಳುಗಟ್ಟಲೆ ಕೂತರೆ ತುಕ್ಕು ಹಿಡಿಯುವುದರಿಂದಲೂ, ನಾನದನ್ನು ದಪ್ಪನಾಗಿ ಗ್ರೀಸ್ ಹಚ್ಚಿ, ಎಣ್ಣೆಕಾಗದದಲ್ಲಿ ಸುತ್ತಿ ಒಪ್ಪಿಸುತ್ತೇನೆ. ಪಿಸ್ತೂಲು ಮರಳಿ ಬರುವ ತನಕ ಒರೆ ಆಕಾರ ಕೆಡದಂತೆ ಅದರೊಳಗೆ ಹಲಸಿನ ಮರದ ಅಚ್ಚು ಕೂತಿರುತ್ತದೆ.